ಹಿಮವೂ ನಮ್ಮ ಗುಡ್ಡದ ಹಾಗೆ ಜರಿಯುತ್ತದೆ: ಕಾಸರಗೋಡಿನಿಂದ ಹಿಮಾಲಯಕ್ಕೆ ಹೊರಟವರಿಗೆ

ಡಿಸೆಂಬರ್ ಬಂತೆಂದರೆ ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮಕ್ಕಳ ವಾಟ್ಸ್‌ಆ್ಯಪ್ ಸ್ಟೇಟಸ್ ತುಂಬ ಬಿಳಿ ಬೆಟ್ಟ. ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತುವುದು, ದಿಲ್ಲಿಯಲ್ಲಿ ಇಳಿಯುವುದು, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಮನಾಲಿಗೋ ಡೆಹ್ರಾಡೂನಿಗೋ. ನಾನು ಮೊದಲ ಸಲ ಹೊರಟಾಗ ಮಾವ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದರು. ತಲೆ ಎತ್ತದೆ ಕೇಳಿದರು, "ಅಲ್ಲ ಮಾರಾಯ, ಮಳೆಗಾಲದಲ್ಲಿ ಇಲ್ಲಿ ಗುಡ್ಡ ಜರಿಯುವುದು ಸಾಲದಾ ನಿನಗೆ? ದುಡ್ಡು ಕೊಟ್ಟು ಅಲ್ಲಿಗೆ ಹೋಗಬೇಕಾ?"

ನಕ್ಕು ಹೊರಟಿದ್ದೆ. ಆಮೇಲೆ ಹಿಮದ ಬಗ್ಗೆ ಏನೇನೋ ಓದಿದೆ, ತಿಳಿದವರ ಹತ್ತಿರ ಕೇಳಿದೆ. ಕೊನೆಗೆ ಸರಿಯಾಗಿ ಅರ್ಥವಾದದ್ದು ಮಾವನ ಆ ಶಬ್ದದಿಂದಲೇ. ನಾವು ಹಿಮ ಆಕಾಶದಿಂದಲೋ ಶಿಖರದಿಂದಲೋ ಬಂದು ತಲೆ ಮೇಲೆ ಬೀಳುತ್ತದೆ ಅಂದುಕೊಂಡಿರುತ್ತೇವೆ. ಹೆಚ್ಚಿನ ಸಲ ಹಾಗಲ್ಲ. ನಾವು ನಿಂತ ಇಳಿಜಾರೇ, ನಮ್ಮ ಭಾರಕ್ಕೇ, ನಮ್ಮನ್ನು ಹೊತ್ತುಕೊಂಡೇ ಜರಿಯುತ್ತದೆ. ಬಚಾವಾಗುವ ಉಪಾಯವೂ ಅದರಲ್ಲೇ ಇದೆ.

ಮೊದಲು ಶಬ್ದದ ಗೊಂದಲ ಬಿಡಿಸಿಕೊಳ್ಳಿ. ನಮ್ಮ ಪತ್ರಿಕೆಗಳಲ್ಲಿ ಹಿಮ ಸುರಿದರೂ ‘ಹಿಮಪಾತ’, ಹಿಮದ ರಾಶಿ ಜರಿದು ರಸ್ತೆ ಮುಚ್ಚಿದರೂ ‘ಹಿಮಪಾತ’. ಒಂದಕ್ಕೆ ಫೋಟೋ ತೆಗೆಯಬಹುದು, ಇನ್ನೊಂದಕ್ಕೆ ಪ್ರಯಾಣವನ್ನೇ ಬಿಡಬೇಕು. ಇಲ್ಲಿ ನಾನು ಎರಡನೆಯದಕ್ಕೆ ಹಿಮಕುಸಿತ ಎನ್ನುತ್ತೇನೆ. ಹಿಂದಿಯಲ್ಲಿ ಹಿಮಸ್ಖಲನ್. ಆದರೆ ಲಾಹೌಲ್, ಗಢವಾಲ್ ಕಡೆಯವರು ಎಷ್ಟೋ ಸಲ "ಗ್ಲೇಶಿಯರ್ ಆಯಾ ಹೈ" ಅಂತಲೇ ಹೇಳುತ್ತಾರೆ. ಹಿಮನದಿ ನೋಡಬಹುದು ಎಂದು ಖುಷಿಪಟ್ಟು ಹೊರಡಬೇಡಿ.

ಹೆಜ್ಜೆ 1: ಒಳಗೆ ಏನು ನಡೆಯುತ್ತದೆ ಎಂದು ತಿಳಿಯಿರಿ

ನಮ್ಮ ಗುಡ್ಡಗಳ ಮೇಲೆ ಮುರಕಲ್ಲು, ಅದರ ಅಡಿಗೆ ಮೆತ್ತಗಿನ ಶೇಡಿ ಮಣ್ಣು. ಬೇಸಗೆಯಲ್ಲಿ ಏನೂ ಆಗುವುದಿಲ್ಲ. ಆಟಿ ತಿಂಗಳ ಮಳೆಗೆ ನೀರು ಇಳಿದು ಶೇಡಿ ನೆನೆದರೆ ಮೇಲಿನ ಗಟ್ಟಿ ಪದರ ಇಡಿಯಾಗಿ ಜಾರಿಕೊಂಡು ಬರುತ್ತದೆ. ಬುಡ ಕಡಿದಿದ್ದರಂತೂ ಕೇಳುವುದೇ ಬೇಡ. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲ ಗುಡ್ಡ ಹೆದ್ದಾರಿಗೆ ಜರಿದದ್ದು ನೆನಪಿರಬಹುದು. ಗಮನಿಸಿ, ಅಲ್ಲಿ ದುರ್ಬಲವಾಗಿರುವುದು ಮೇಲಿನ ಪದರ ಅಲ್ಲ. ಅಡಿಯದ್ದು.

ಹಿಮದಲ್ಲೂ ಇದೇ ಕತೆ. ಒಂದೊಂದು ಸಲ ಸುರಿದ ಹಿಮ ಒಂದೊಂದು ಪದರ. ನೀರುದೋಸೆ ಒಂದರ ಮೇಲೊಂದು ಒಟ್ಟಿದ ಹಾಗೆ ಅಂದುಕೊಳ್ಳಿ. ಕೆಲವು ಪದರ ಒಂದಕ್ಕೊಂದು ಗಟ್ಟಿಯಾಗಿ ಅಂಟುತ್ತವೆ, ಕೆಲವು ಅಂಟುವುದೇ ಇಲ್ಲ. ಚಳಿ ಜಾಸ್ತಿ ಇದ್ದು ಹಿಮ ತೆಳ್ಳಗಿರುವಾಗ, ನೆಲದ ಹತ್ತಿರದ ಹಿಮ ಸುಮಾರು ಸೊನ್ನೆ ಡಿಗ್ರಿಯಲ್ಲಿರುತ್ತದೆ, ಮೇಲ್ಮೈ ಮಾತ್ರ ಅದಕ್ಕಿಂತ ತುಂಬ ತಣ್ಣಗೆ. ಈ ವ್ಯತ್ಯಾಸದಿಂದ ನೀರಿನ ಆವಿ ಹಿಮದೊಳಗೇ ಮೇಲಕ್ಕೆ ಹೋಗುತ್ತ, ಅಡಿಯ ಹಿಮವನ್ನು ಸಕ್ಕರೆ ಹರಳಿನ ಹಾಗೆ ಬಿಡಿಬಿಡಿ ಮಾಡಿಬಿಡುತ್ತದೆ. ಕೈಯಲ್ಲಿ ಹಿಡಿದರೆ ಉಂಡೆ ಕಟ್ಟಲು ಬರುವುದಿಲ್ಲ, ಬೆರಳ ಸಂದಿಯಿಂದ ಸೋರುತ್ತದೆ. ಇನ್ನೊಂದು ಬಗೆ ಇದೆ. ಮೋಡವಿಲ್ಲದ ರಾತ್ರಿ ನಮ್ಮಲ್ಲಿ ಹುಲ್ಲಿನ ಮೇಲೆ ಇಬ್ಬನಿ ಕೂರುತ್ತದಲ್ಲ, ಅಲ್ಲಿ ಅದು ಹಿಮದ ಮೇಲೆ ಸಣ್ಣ ಸಣ್ಣ ಗರಿಗಳ ಹಾಗೆ ಹೆಪ್ಪುಗಟ್ಟುತ್ತದೆ. ಬೆಳಗ್ಗೆ ಬಿಸಿಲಿಗೆ ಮಿನುಗುತ್ತದೆ, ನೋಡಲು ಬಹಳ ಚಂದ. ಅದರ ಮೇಲೆ ಹೊಸ ಹಿಮ ಬಿದ್ದು ಮುಚ್ಚಿತೋ, ಅದೇ ನಮ್ಮ ಶೇಡಿ.

ಇದರ ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಹಿಮದ ಹಲಗೆ. ಅದರ ಮೇಲೆ ನೀವು. ನಿಮ್ಮ ಒಂದು ಹೆಜ್ಜೆಗೆ ಅಡಿಯ ಸಕ್ಕರೆ ಪದರ ಕುಸಿಯುತ್ತದೆ, ಬಿರುಕು ಕ್ಷಣದಲ್ಲಿ ಹತ್ತಾರು ಮೀಟರ್ ಓಡುತ್ತದೆ, ಹಲಗೆ ನಿಮ್ಮ ಮೇಲ್ಗಡೆ ಎಲ್ಲೋ ತುಂಡಾಗುತ್ತದೆ. ಅಂದರೆ ನೀವು ಅಂಚಿನಲ್ಲಿರುವುದಿಲ್ಲ, ನಡುವಿನಲ್ಲಿರುತ್ತೀರಿ. ಕೆಲವೇ ಸೆಕೆಂಡುಗಳಲ್ಲಿ ವೇಗ ಗಂಟೆಗೆ 100 ಕಿಲೋಮೀಟರ್ ಮುಟ್ಟಬಹುದು. ಓಡಿ ತಪ್ಪಿಸಿಕೊಳ್ಳುವುದು ಸಿನಿಮಾದಲ್ಲಿ ಮಾತ್ರ. ಚಾರಣಿಗರು, ಸ್ಕೀ ಮಾಡುವವರು ಸಿಕ್ಕಿಬಿದ್ದ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಹಿಮ ಜರಿಯಲು ಕಾರಣ ಆ ವ್ಯಕ್ತಿ ಅಥವಾ ಅವರದ್ದೇ ಗುಂಪಿನವರು. ನನಗಂತೂ ಇದು ಹೆದರಿಸುವ ಸಂಗತಿಗಿಂತ ಧೈರ್ಯ ಕೊಡುವ ಸಂಗತಿ. ಆ ಇಳಿಜಾರಿಗೆ ಕಾಲಿಡದಿದ್ದರೆ ಆಯಿತು, ಅಲ್ವಾ?

ಬೇರೆ ಬಗೆಗಳೂ ಇವೆ. ಬಿಡಿ ಹಿಮ ಒಂದು ಬಿಂದುವಿನಿಂದ ಶುರುವಾಗಿ ಬೀಸಣಿಗೆಯ ಹಾಗೆ ಅಗಲವಾಗುತ್ತ ಇಳಿಯುವುದು ಒಂದು. ವಸಂತದ ಬಿಸಿಲಿಗೆ ನೆನೆದ ಹಿಮ ಗಂಜಿಯ ಹಾಗೆ ನಿಧಾನವಾಗಿ ಬರುವುದು ಇನ್ನೊಂದು. ನಿಧಾನ ಎಂದು ಸಸಾರ ಮಾಡಬೇಡಿ, ಅದರ ಭಾರಕ್ಕೆ ಮರ ಬುಡ ಸಮೇತ ಬರುತ್ತದೆ. ಬೆಟ್ಟದ ಏಣಿನಲ್ಲಿ ಗಾಳಿಗೆ ಚಾಚಿಕೊಂಡ ಹಿಮದ ಸೂರು ಮುರಿದು ಬೀಳುವುದು ಮತ್ತೊಂದು. ಸೆಲ್ಫಿಗೆಂದು ಆ ಸೂರಿನ ಮೇಲೆ ನಿಲ್ಲುವವರನ್ನು ಕಂಡಿದ್ದೇನೆ. ಅಡಿಯಲ್ಲಿ ನೆಲವೇ ಇಲ್ಲ ಎಂಬುದು ಮೇಲಿನಿಂದ ಕಾಣುವುದಿಲ್ಲ.

ಹೆಜ್ಜೆ 2: ಟಿಕೆಟ್ ಮಾಡುವಾಗಲೇ ಎರಡು ದಿನ ಬಿಟ್ಟಿಡಿ

ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸುರಕ್ಷತೆ. ನಮ್ಮ ಕಡೆಯಿಂದ ಹೋಗುವವರಿಗೆ ಹೋಗಿ ಬರುವ ರೈಲಿನಲ್ಲೇ ನಾಲ್ಕು ದಿನ ಹೋಗುತ್ತದೆ. ಹಾಗಾಗಿ ಒಂದು ದಿನವೂ ಉಳಿಯದ ಹಾಗೆ ಲೆಕ್ಕ ಹಾಕಿ ಬುಕ್ ಮಾಡುತ್ತೇವೆ. ಹಿಮ ಬಿದ್ದ ಮರುದಿನವೇ ಶಿಖರಕ್ಕೆ ಹೊರಡಬೇಕಾಗುವುದು ಇದೇ ಕಾರಣಕ್ಕೆ. ಜೋರು ಹಿಮ ಬಿದ್ದ ನಂತರದ 24ರಿಂದ 48 ಗಂಟೆಗಳೇ ಹೆಚ್ಚು ಅಪಾಯದ ಹೊತ್ತು. ಆ ಎರಡು ದಿನ ಹಳ್ಳಿಯಲ್ಲಿ ಕೂತು ಚಹಾ ಕುಡಿಯಲು ನಿಮ್ಮ ಹತ್ತಿರ ಸಮಯ ಇರಬೇಕು.

ಟ್ರೆಕ್ ನಡೆಸುವವರಿಗೆ ದುಡ್ಡು ಕಟ್ಟುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಹಿಮದ ಸ್ಥಿತಿ ಸರಿ ಇಲ್ಲದಿದ್ದರೆ ಬೇರೆ ದಾರಿ ಯಾವುದು? ಬೇಡ ಎಂದು ವಾಪಸ್ ಕರೆತರುವ ಅಧಿಕಾರ ಗೈಡ್‌ಗೆ ಇದೆಯಾ? ಗೈಡ್ ಪರ್ವತಾರೋಹಣದ ತರಬೇತಿ ಪಡೆದವರಾ? ಗುಂಪಿನಲ್ಲಿ ಎಷ್ಟು ಸಲಿಕೆ ಇರುತ್ತದೆ? ಕೊನೆಯ ಪ್ರಶ್ನೆ ಕೇಳಿದರೆ ಆಚೆಯವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ನಾವು ಹೋದ ಗುಂಪಿನಲ್ಲಿ ಹದಿನೆಂಟು ಮಂದಿಗೆ ಒಂದೇ ಸಲಿಕೆ ಇತ್ತು. ಅದೂ ಟಾಯ್ಲೆಟ್ ಟೆಂಟಿನ ಗುಂಡಿ ತೋಡಲಿಕ್ಕೆ.

ಹಿಮದ ಇಳಿಜಾರುಗಳಲ್ಲಿ ನಡೆಯುವವರಿಗೆ ಮೂರು ಸಾಮಾನು ಬೇಕು, ಮೂರೂ ಒಟ್ಟಿಗೆ ಬೇಕು. ಒಂದು, ಬೀಕನ್ ಎನ್ನುವ ಕೈಯಳತೆಯ ಯಂತ್ರ. ಇದು 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುತ್ತ ಇರುತ್ತದೆ, ಬೇರೆಯವರ ಬೀಕನ್ ಅದನ್ನು ಹಿಡಿಯುತ್ತದೆ. ಎರಡು, ಮಡಚುವ ಉದ್ದ ಕೋಲು, ಹಿಮಕ್ಕೆ ಚುಚ್ಚಿ ನೋಡಲು. ಇದಕ್ಕೆ ಪ್ರೋಬ್ ಅನ್ನುತ್ತಾರೆ. ಮೂರು, ಲೋಹದ ಸಲಿಕೆ. ಪ್ಲಾಸ್ಟಿಕ್ಕಿನದ್ದು ಬೇಡ, ಕುಸಿದು ನಿಂತ ಹಿಮಕ್ಕೆ ಅದು ಮುರಿಯುತ್ತದೆ. ಬೀಕನನ್ನು ಬ್ಯಾಗಿನಲ್ಲಿ ಇಡಬಾರದು, ಜಾಕೆಟ್ಟಿನ ಒಳಗೆ ಮೈಗೆ ಕಟ್ಟಿಕೊಳ್ಳಬೇಕು. ಬ್ಯಾಗ್ ಒಂದು ಕಡೆ, ನೀವು ಒಂದು ಕಡೆ ಆಗಬಹುದು. ಮೊಬೈಲ್ ಅದರಿಂದ ಕನಿಷ್ಠ 20 ಸೆಂಟಿಮೀಟರ್ ದೂರ ಇರಲಿ, ಹುಡುಕುವಾಗ 50.

ಒಂದು ಮಾತು ನಮ್ಮವರಿಗಾಗಿಯೇ. ಗಲ್ಫಿನಲ್ಲಿರುವ ಅಣ್ಣನೋ ಭಾವನೋ ಉಪಗ್ರಹ ಫೋನ್, ಉಪಗ್ರಹದಿಂದ ಮೆಸೇಜ್ ಕಳಿಸುವ ಸಾಧನ ತಂದುಕೊಟ್ಟರೆ ಹಿಡಿದುಕೊಂಡು ಹೊರಡಬೇಡಿ. ಅನುಮತಿ ಇಲ್ಲದೆ ಅವುಗಳನ್ನು ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ವಿಮಾನ ನಿಲ್ದಾಣಗಳಲ್ಲಿ ಪ್ರವಾಸಿಗರನ್ನು ಹಿಡಿದದ್ದಿದೆ. ಕಾಶ್ಮೀರಕ್ಕೆ ಹೋಗುವವರಾದರೆ ಪೋಸ್ಟ್‌ಪೇಯ್ಡ್ ಸಿಮ್ ಬೇಕು. ಹೊರಗಿನ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ.

ಹೆಜ್ಜೆ 3: ಅಲ್ಲಿಯ ಅಲರ್ಟ್ ಓದಲು ಕಲಿಯಿರಿ

ಯೆಲ್ಲೋ, ಆರೆಂಜ್, ರೆಡ್ ಅಂದರೆ ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಜೂನ್‌ನಲ್ಲಿ ರೆಡ್ ಅಲರ್ಟ್ ಬಂದರೆ ಮಕ್ಕಳು ಕಲೆಕ್ಟರರ ರಜೆಗೆ ಕಾಯುತ್ತ ಕೂರುತ್ತಾರೆ. ಹಿಮಕುಸಿತಕ್ಕೂ ಹಾಗೆ ಎಚ್ಚರಿಕೆ ಬರುತ್ತದೆ. ಜಮ್ಮು ಕಾಶ್ಮೀರ, ಲಡಾಖ್, ಹಿಮಾಚಲ, ಉತ್ತರಾಖಂಡಗಳಿಗೆ ಅದನ್ನು ಕೊಡುವುದು ಕೇಂದ್ರದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ಡಿಜಿಆರ್‌ಇ ಎಂಬ ಸಂಸ್ಥೆ. ಮೊದಲು ಇದಕ್ಕೆ ಸಾಸೆ ಎಂದು ಹೆಸರಿತ್ತು, ಮನಾಲಿಯಲ್ಲಿ ಶುರುವಾದದ್ದು. ಹಳೆಯ ಗೈಡ್‌ಗಳು ಈಗಲೂ "ಸಾಸೆ ಕ್ಯಾ ಬೋಲಾ?" ಎಂದೇ ಕೇಳುತ್ತಾರೆ. ಜಿಲ್ಲೆವಾರು ಎಚ್ಚರಿಕೆ ಬರುತ್ತದೆ. ನೀವು ಹೋಗುವ ಜಿಲ್ಲೆ ಯಾವುದು, ಎಷ್ಟು ಎತ್ತರದ ಮೇಲೆ ಅಪಾಯ ಎಂದಿದ್ದಾರೆ ಎಂದು ನೋಡಿ.

ಲೋಕದ ಹೆಚ್ಚಿನ ಕಡೆ ಅಪಾಯವನ್ನು 1ರಿಂದ 5ರ ಅಂಕದಲ್ಲಿ ಹೇಳುತ್ತಾರೆ. ಐದರಲ್ಲಿ ಮೂರು ಅಂದರೆ ಪರವಾಗಿಲ್ಲ ಎಂದು ನಮಗೆ ಅನ್ನಿಸುತ್ತದೆ, ಪರೀಕ್ಷೆಯ ಪಾಸ್ ಮಾರ್ಕಿನ ಹಾಗೆ. ಯುರೋಪಿನಲ್ಲೂ ಅಮೆರಿಕದಲ್ಲೂ ಜನ ಹೆಚ್ಚಾಗಿ ಸತ್ತಿರುವುದು ಈ ಮೂರರ ದಿನಗಳಲ್ಲೇ. ಐದರ ದಿನ ಯಾರೂ ಮನೆಯಿಂದ ಹೊರಡುವುದಿಲ್ಲ. ಮೂರರ ದಿನ ಬಿಸಿಲಿರುತ್ತದೆ, ಆಕಾಶ ನೀಲಿ ಇರುತ್ತದೆ, ಒಂದು ಮನುಷ್ಯನ ಭಾರಕ್ಕೆ ಹಿಮ ಜರಿಯಲು ತಯಾರಿರುತ್ತದೆ.

ಅಲ್ಲಿ ಚಳಿಗಾಲದ ಹಿಮ ತರುವುದು ಪಶ್ಚಿಮದಿಂದ, ಮೆಡಿಟರೇನಿಯನ್ ಕಡೆಯಿಂದ ಬರುವ ಮಾರುತಗಳು. ಹವಾಮಾನ ಇಲಾಖೆಯ ವರದಿಯಲ್ಲಿ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎಂಬ ಮಾತು ಕಂಡರೆ ನಿಮ್ಮ ಆ ಎರಡು ಬಿಡುವಿನ ದಿನ ಖರ್ಚು ಮಾಡಲು ತಯಾರಾಗಿ.

ಹೆಜ್ಜೆ 4: ಇಳಿಜಾರು ಅಳೆಯಿರಿ, ಕಣ್ಣಂದಾಜು ನಂಬಬೇಡಿ

ಹಿಮ ಹೆಚ್ಚಾಗಿ ಜರಿಯುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾಗಿದ್ದರೆ ಹಿಮ ನಿಲ್ಲುವುದಿಲ್ಲ, ಆಗಾಗ ಸ್ವಲ್ಪ ಸ್ವಲ್ಪ ಉದುರುತ್ತಲೇ ಇರುತ್ತದೆ. 25ಕ್ಕಿಂತ ಕಡಿಮೆಯಾದರೆ ಜರಿಯುವುದು ಅಪರೂಪ. 30 ಡಿಗ್ರಿ ಅಂದರೆ ಎಷ್ಟು? ನಮ್ಮ ಹಂಚಿನ ಮನೆಯ ಮಾಡು ನೆನಪು ಮಾಡಿಕೊಳ್ಳಿ, ಸುಮಾರು ಅಷ್ಟು. ಎದುರಿನ ಇಳಿಜಾರು ನಿಮ್ಮ ಮನೆಯ ಮಾಡಿಗಿಂತ ಕಡಿದು ಅನ್ನಿಸಿದರೆ ಅಲ್ಲೇ ನಿಲ್ಲಿ.

ಮೊಬೈಲಿನಲ್ಲಿ ಕೋನ ಅಳೆಯುವ ಆ್ಯಪ್ ಇರುತ್ತದೆ. ಚಳಿಗೆ ಬ್ಯಾಟರಿ ಸತ್ತರೆ ಎರಡು ಚಾರಣದ ಕೋಲು ಸಾಕು. ಎರಡೂ ಒಂದೇ ಉದ್ದ ಇರಬೇಕು. ಒಂದನ್ನು ನೆಟ್ಟಗೆ ನಿಲ್ಲಿಸಿ. ಇನ್ನೊಂದರ ತುದಿಯನ್ನು ಮೇಲ್ಗಡೆಯ ಇಳಿಜಾರಿಗೆ ಊರಿ, ಸರಿಯಾಗಿ ಅಡ್ಡ ಮಲಗುವ ಹಾಗೆ ಹಿಡಿದು ನಿಂತ ಕೋಲಿಗೆ ತಾಗಿಸಿ. ಅದು ನಿಂತ ಕೋಲಿನ ಮಧ್ಯಕ್ಕೆ ತಾಗಿದರೆ ಇಳಿಜಾರು ಸುಮಾರು 27 ಡಿಗ್ರಿ. ತುತ್ತತುದಿಗೆ ತಾಗಿದರೆ 45. ಮಧ್ಯಕ್ಕಿಂತ ಮೇಲೆ ತಾಗಿತೆಂದರೆ ನೀವು ಅಪಾಯದ ಲೆಕ್ಕದೊಳಗೆ ಬಂದಿರಿ ಎಂದರ್ಥ. ಈ ಪರೀಕ್ಷೆಯನ್ನು ಕೆಳಗೆ ಸಣ್ಣ ದಿಬ್ಬದಲ್ಲಿ ಕಲಿಯಿರಿ. ದೊಡ್ಡ ಇಳಿಜಾರಿನ ನಡುವೆ ಹೋಗಿ ನಿಂತು ಅಳೆಯುವುದು ಬಾವಿಗೆ ಇಳಿದು ಆಳ ನೋಡಿದ ಹಾಗೆ.

ನೀವು ನಡೆಯುವ ದಾರಿ ಸಪಾಟಾಗಿದ್ದರೂ ಮೇಲೆ ಏನಿದೆ ನೋಡಿ. ಮೇಲಿನ ಇಳಿಜಾರು ಜರಿದರೆ ಬಂದು ನಿಲ್ಲುವುದು ಸಪಾಟಿನಲ್ಲೇ. ಟೆಂಟ್ ಹಾಕುವ ಜಾಗದಿಂದ ಮೇಲಿನ ಇಳಿಜಾರಿನ ತುದಿಗೆ ಕೋನ ಅಳೆಯಿರಿ. 20 ಡಿಗ್ರಿಗಿಂತ ಕಡಿಮೆ ಬಂದರೆ ಹೆಚ್ಚಿನ ಮಟ್ಟಿಗೆ ನೆಮ್ಮದಿ. 2025ರ ಫೆಬ್ರವರಿ 28ರಂದು ಬದರಿನಾಥದ ಹತ್ತಿರ ಮಾಣಾದಲ್ಲಿ ಗಡಿ ರಸ್ತೆಯ ಕೆಲಸಗಾರರ ಕ್ಯಾಂಪಿನ ಮೇಲೆ ಹಿಮ ಬಂತು. 54 ಮಂದಿಯಲ್ಲಿ ಎಂಟು ಮಂದಿ ಸತ್ತರು. ಅವರು ಯಾರೂ ಶಿಖರ ಏರಲು ಹೋದವರಲ್ಲ, ಉಳಿದುಕೊಂಡಿದ್ದ ಜಾಗವೇ ಅದಾಗಿತ್ತು. ಹೆಚ್ಚಿನವರು ಬದುಕಿ ಉಳಿದದ್ದಕ್ಕೆ ಅವರಿದ್ದ ಲೋಹದ ಕಂಟೇನರುಗಳೂ ಒಂದು ಕಾರಣ. ಟೆಂಟಿಗೆ ಆ ಬಲ ಇಲ್ಲ.

ಮರಗಳೂ ಹೇಳುತ್ತವೆ. ದೇವದಾರು ಕಾಡಿನ ನಡುವೆ ಮೇಲಿನಿಂದ ಕೆಳಗೆ ಬೋಳು ಪಟ್ಟಿ ಕಂಡರೆ, ಮರಗಳಲ್ಲಿ ಬೆಟ್ಟದ ಮೇಲ್ಗಡೆಗೆ ಮುಖ ಮಾಡಿದ ಕೊಂಬೆಗಳೆಲ್ಲ ಮುರಿದಿದ್ದರೆ, ಎಲ್ಲ ಎಳೆ ಮರಗಳೇ ಇದ್ದರೆ, ಅದು ಹಿಮ ಹಿಂದೆ ಬಂದು ಹೋದ ದಾರಿ. ಅಲ್ಲಿ ಊಟಕ್ಕೆ ಕೂರಬೇಡಿ.

ಹೆಜ್ಜೆ 5: ಬೆಟ್ಟ ಕೊಡುವ ಸೂಚನೆ

ಹತ್ತಿರದ ಇಳಿಜಾರಿನಲ್ಲಿ ಹೊಸದಾಗಿ ಹಿಮ ಜರಿದಿದೆಯಾ? ಇದಕ್ಕಿಂತ ದೊಡ್ಡ ಸೂಚನೆ ಬೇಕಿಲ್ಲ. ಅದೇ ದಿಕ್ಕಿಗೆ ಮುಖ ಮಾಡಿದ, ಅಷ್ಟೇ ಕಡಿದಾದ ಎಲ್ಲ ಇಳಿಜಾರುಗಳೂ ಆವತ್ತು ಅನುಮಾನದವು. ಕಾಲಿಟ್ಟಲ್ಲಿಂದ ಹಿಮದಲ್ಲಿ ಬಿರುಕು ಓಡುವುದು ಎರಡನೆಯದು. ಒಂದು ದಿನದಲ್ಲಿ 30 ಸೆಂಟಿಮೀಟರಿಗಿಂತ ಜಾಸ್ತಿ ಹಿಮ ಬಿದ್ದದ್ದು, ಹಿಮದ ಮೇಲೆ ಮಳೆ ಹೊಯ್ದದ್ದು, ಒಮ್ಮೆಲೇ ಸೆಕೆ ಏರಿದ್ದು, ಇವೂ ಲೆಕ್ಕಕ್ಕೆ.

ಗಾಳಿಯನ್ನು ನಮ್ಮವರು ಮರೆತೇಬಿಡುತ್ತಾರೆ. ಹಿಮ ಬೀಳದೆ ಬರೀ ಗಾಳಿ ಬೀಸಿದರೂ ಸಾಕು. ಅದು ಒಂದು ಮಗ್ಗುಲಿನ ಹಿಮ ಎತ್ತಿ ಏಣಿನ ಆಚೆ ಮಗ್ಗುಲಿಗೆ ಒಟ್ಟುತ್ತದೆ, ಆಕಾಶದಿಂದ ಬೀಳುವುದಕ್ಕಿಂತ ಹಲವು ಪಟ್ಟು ಬೇಗ. ಗಾಳಿಯ ಮರೆಯ ಮಗ್ಗುಲು ಸುಖ ಎಂದು ನಮಗೆ ಅನ್ನಿಸುತ್ತದೆ. ಹಲಗೆ ಕಟ್ಟುವುದು ಅಲ್ಲೇ. ಬಿಸಿಲಿನ ಲೆಕ್ಕವೂ ಹಾಗೆ. ಬಿಸಿಲು ಬೀಳದ ಉತ್ತರದ ಮಗ್ಗುಲಿನಲ್ಲಿ ಸಕ್ಕರೆ ಪದರ ವಾರಗಟ್ಟಲೆ ಹಾಗೇ ಉಳಿಯುತ್ತದೆ. ದಕ್ಷಿಣದ ಮಗ್ಗುಲು ಬೆಳಗ್ಗೆ ಗಟ್ಟಿ, ಮಧ್ಯಾಹ್ನಕ್ಕೆ ನೀರು. ಏಪ್ರಿಲ್ ಮೇ ತಿಂಗಳಲ್ಲಿ ಗೈಡ್ ರಾತ್ರಿ ಮೂರಕ್ಕೆ ಎಬ್ಬಿಸಿದರೆ ಬೈಯಬೇಡಿ.

ಇನ್ನು ಶಬ್ದ. ಹೆಜ್ಜೆ ಇಟ್ಟಾಗ ಹಿಮದೊಳಗಿಂದ "ಧುಪ್" ಎಂದು ಕೇಳುವುದು. ನಾನು ಒಂದೇ ಸಲ ಕೇಳಿದ್ದೇನೆ, ಹಿಮಾಚಲದ ಒಂದು ಕಣಿವೆಯಲ್ಲಿ, ಫೆಬ್ರವರಿಯಲ್ಲಿ. ಅಟ್ಟದ ಮೇಲೆ ಯಾರೋ ಭತ್ತದ ಮೂಟೆ ಇಳಿಸಿದ ಹಾಗೆ ಇತ್ತು. ಕಾಲಡಿಯ ನೆಲ ಒಂದು ಬೆರಳಿನಷ್ಟು ಕೂತ ಹಾಗೆ ಆಯಿತು. ಅಡಿಯ ಪದರ ಕುಸಿದ ಸದ್ದು ಅದು. ನಾವಿದ್ದದ್ದು ಸಪಾಟಿನಲ್ಲಿ, ಹಾಗಾಗಿ ಜರಿಯಲಿಲ್ಲ. ಮುಂದಿನ ಇಳಿಜಾರು ನೂರು ಹೆಜ್ಜೆ ದೂರದಲ್ಲಿತ್ತು. ಅದರ ಮೇಲೆ ಹಿಂದಿನ ದಿನ ಹೋದವರ ಹೆಜ್ಜೆ ಗುರುತು ಸಾಲಾಗಿ ಕಾಣುತ್ತಿತ್ತು. ಅಲ್ಲಿಯ ಗೈಡ್, ಐವತ್ತರ ಪ್ರಾಯದವರು, ಒಂದು ಮಾತೂ ಆಡದೆ ಕೈ ಅಡ್ಡ ಹಿಡಿದು ಹಿಂದೆ ತಿರುಗಿದರು.

ನಾವು ಗೊಣಗಿದೆವು. ಗುಂಪಿನ ಲೀಡರ್ ಹುಡುಗನೂ ನಮ್ಮ ಪರ. "ನಿನ್ನೆ ಹತ್ತು ಮಂದಿ ದಾಟಿದ್ದಾರೆ" ಎಂದು ವಾದ ಮಾಡಿದ. ಗೈಡ್ ಕೇಳಲಿಲ್ಲ. ಆ ಇಳಿಜಾರು ಆಮೇಲೆ ಜರಿಯಿತಾ? ನನಗೆ ಗೊತ್ತಿಲ್ಲ. ಜರಿದಿದ್ದರೆ ಕತೆಗೆ ಚೆನ್ನಾಗಿರುತ್ತಿತ್ತು. ಹಿಮದ ವಿಷಯದಲ್ಲಿ ನಿಜವಾದ ತೊಂದರೆ ಇದೇ. ತಪ್ಪು ಮಾಡಿ ಹತ್ತು ಸಲ ಬಚಾವಾದವನಿಗೆ ತಾನು ಹುಷಾರು ಎಂದೇ ಅನ್ನಿಸುತ್ತದೆ. ಮೊದಲ ಒಂಬತ್ತು ಮಂದಿಯನ್ನು ಹೊತ್ತ ಹಲಗೆ, ಹತ್ತನೆಯವನು ಹಿಮ ತೆಳ್ಳಗಿದ್ದ ಜಾಗಕ್ಕೆ ಕಾಲಿಟ್ಟಾಗ ತುಂಡಾಗಬಹುದು. ಬೇರೆಯವರ ಹೆಜ್ಜೆ ಗುರುತಿಗೆ ಬೆಲೆ ಕೊಡಬೇಡಿ.

ಅನುಭವ ಇದ್ದವರಿಗೆ ಆಗುವುದಿಲ್ಲ ಎಂದೂ ಇಲ್ಲ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿದ್ದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ. ಪರ್ವತ ಹತ್ತುವುದನ್ನು ಕಲಿಯುತ್ತಿದ್ದವರು, ಕಲಿಸುತ್ತಿದ್ದವರು. 27 ಶವಗಳು ಸಿಕ್ಕವು, ಇಬ್ಬರು ಸಿಗಲೇ ಇಲ್ಲ.

ಹೆಜ್ಜೆ 6: ದಾಟಲೇಬೇಕಾಗಿ ಬಂದರೆ

ಒಬ್ಬೊಬ್ಬರಾಗಿ ದಾಟಿ. ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು, ದಾಟುವವರ ಮೇಲೆಯೇ ಕಣ್ಣಿಟ್ಟಿರಬೇಕು. ಮಾತಿಲ್ಲ, ಫೋಟೋ ಇಲ್ಲ. ಬ್ಯಾಗಿನ ಸೊಂಟದ ಪಟ್ಟಿ, ಎದೆಯ ಪಟ್ಟಿ ಬಿಚ್ಚಿ. ಕೋಲಿನ ಬಳ್ಳಿಯಿಂದ ಕೈ ತೆಗೆಯಿರಿ. ಜಾಕೆಟ್ಟಿನ ಜಿಪ್ ಮೇಲಕ್ಕೆ ಎಳೆದು ಮೂಗು ಬಾಯಿ ಮುಚ್ಚಿಕೊಳ್ಳಿ. ಇಳಿಜಾರಿನ ನಡುವೆ ನಿಲ್ಲಬೇಡಿ, ಆಚೆ ಹೋಗಿ ಏದುಸಿರು ಬಿಡಿ.

ಟ್ಯಾಕ್ಸಿಯಲ್ಲಿ ಹೋಗುವ ಮನೆಮಂದಿಗೆ

ಚಾರಣ ನಮಗಲ್ಲ ಎಂದು ಇಷ್ಟು ಹೊತ್ತು ನಿರಾಳವಾಗಿ ಓದಿದವರೂ ಇರಬಹುದು. 2023ರ ಏಪ್ರಿಲ್ 4ರಂದು ಸಿಕ್ಕಿಂನಲ್ಲಿ, ಗ್ಯಾಂಗ್ಟಾಕಿನಿಂದ ನಾಥೂಲಾಕ್ಕೆ ಹೋಗುವ ರಸ್ತೆಯಲ್ಲಿ ಏಳು ಮಂದಿ ಪ್ರವಾಸಿಗರು ಸತ್ತರು. ಅವರು ಹತ್ತಿ ಹೋದದ್ದು ಕಾರಿನಲ್ಲಿ. ಹೋಗಲು ಅನುಮತಿಯ ಪಾಸ್ ಇದ್ದದ್ದು 13ನೇ ಮೈಲಿವರೆಗೆ, ಹಿಮ ಬಂದದ್ದು 15ನೇ ಮೈಲಿಯ ಹತ್ತಿರ. "ಇನ್ನೂ ಸ್ವಲ್ಪ ಮುಂದೆ ಹೋಗೋಣ ಭಯ್ಯಾ" ಎಂದು ಡ್ರೈವರನ್ನು ಒತ್ತಾಯಿಸುವ ಚಾಳಿ ನಮಗೆಲ್ಲ ಇದೆ. ಆ ಮಾತು ಬಾಯಿಗೆ ಬಂದಾಗ ನುಂಗಿಕೊಳ್ಳಿ. ಬೆಟ್ಟದಿಂದ ಹಿಮದ ನಾಲಿಗೆ ಇಳಿದು ರಸ್ತೆ ದಾಟಿದ ಜಾಗಗಳಲ್ಲಿ, ಹಿಮದ ಗೋಡೆ ಕೊರೆದು ರಸ್ತೆ ಮಾಡಿದಲ್ಲಿ ಗಾಡಿ ನಿಲ್ಲಿಸಬೇಡಿ. ಮಕ್ಕಳಿಗೆ ಹಿಮದಲ್ಲಿ ಆಡಬೇಕಾ? ಮೇಲೆ ಕಡಿದಾದ ಇಳಿಜಾರಿಲ್ಲದ ಬಯಲು ಹುಡುಕಿ.

ಸಿಕ್ಕಿಬಿದ್ದರೆ

ಕೂಗಿ, ಬೇರೆಯವರಿಗೆ ನೀವಿರುವ ಕಡೆ ಗೊತ್ತಾಗಲಿ. ಕೋಲು ಬಿಡಿ. ಬದಿಗೆ ಹೋಗಲು ಸಾಧ್ಯವಾದರೆ ಹೋಗಿ, ಇಲ್ಲದಿದ್ದರೆ ಕೈಕಾಲು ಬಡಿಯುತ್ತ ಮೇಲ್ಭಾಗದಲ್ಲೇ ಉಳಿಯಲು ನೋಡಿ. ವೇಗ ಕಡಿಮೆಯಾಗುತ್ತಿದೆ ಅನ್ನಿಸಿದ ಕೂಡಲೇ ಕೈಗಳನ್ನು ಮುಖದ ಮುಂದೆ ತಂದು ಉಸಿರಿಗೆ ಜಾಗ ಮಾಡಿಕೊಳ್ಳಿ. ನಿಂತ ಮೇಲೆ ಆಗುವುದಿಲ್ಲ. ಕುಸಿದ ಹಿಮ ನಿಂತ ಕ್ಷಣವೇ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ, ಬೆರಳು ಅಲ್ಲಾಡಿಸಲೂ ಬಿಡುವುದಿಲ್ಲ.

ಬಾಯಾರು, ಪಡ್ರೆ ಕಡೆ ನೀರಿಗೆಂದು ಸುರಂಗ ಕೊರೆಯುವವರು ಒಳಗೆ ಮೇಣದ ಬತ್ತಿ ಹಚ್ಚಿಟ್ಟುಕೊಳ್ಳುತ್ತಿದ್ದರು. ಉರಿ ಸಣ್ಣದಾಯಿತೆಂದರೆ ಹಾರೆ ಬಿಟ್ಟು ಹೊರಗೆ. ಹಿಮದಡಿ ಹೂತವರ ಸಮಸ್ಯೆಯೂ ಅದೇ, ಹೊರಗೆ ಬರುವ ದಾರಿ ಮಾತ್ರ ಇಲ್ಲ. ಹೆಚ್ಚಿನವರು ಸಾಯುವುದು ಚಳಿಗಲ್ಲ, ಉಸಿರುಕಟ್ಟಿ. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕು. ಆ ಉಸಿರಿನ ಬಿಸಿಗೆ ಮುಖದ ಮುಂದಿನ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ ಗಾಜಿನ ಹಾಗೆ ಮುಚ್ಚಿಕೊಳ್ಳುತ್ತದೆ. ಹತ್ತು ಹದಿನೈದು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು ಉಳಿಯುವುದೂ ಕಷ್ಟ.

ಇಲ್ಲಿ ಎಲ್ಲರೂ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯುತ್ತಾರೆ. ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಮಂದಿ ಯೋಧರ ಮೇಲೆ ಹಿಮ ಬಂತು. ಆರು ದಿನದ ನಂತರ ಸುಮಾರು 25 ಅಡಿ ಹಿಮದ ಅಡಿಯಿಂದ ಅವರು ಜೀವಂತ ಸಿಕ್ಕರು. ಫೆಬ್ರವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಜೊತೆಗಿದ್ದ ಒಂಬತ್ತು ಮಂದಿ ಅಲ್ಲೇ ಸತ್ತಿದ್ದರು. ಆರು ದಿನ ಬದುಕಬಹುದು ಎಂಬ ಲೆಕ್ಕವನ್ನು ಈ ಒಂದು ಘಟನೆಯಿಂದ ಹಾಕಿಕೊಳ್ಳಬೇಡಿ.

ಹೂತವರನ್ನು ತೆಗೆಯುವುದು

ಹದಿನೈದು ನಿಮಿಷದಲ್ಲಿ ಯಾವ ಸೇನೆಯೂ ಹೆಲಿಕಾಪ್ಟರೂ ಬರುವುದಿಲ್ಲ. ತೆಗೆಯಬೇಕಾದವರು ಅಲ್ಲೇ ನಿಂತಿರುವ ನೀವು. ಎಲ್ಲರೂ ಸಹಾಯ ಕರೆಯಲು ಓಡಬೇಡಿ. ಸಿಗ್ನಲ್ ಇದ್ದರೆ ಒಬ್ಬರು 112ಕ್ಕೆ ಕರೆ ಮಾಡಲಿ, ಉಳಿದವರು ಹುಡುಕಲಿ. ಕೆಲಸದ ಕ್ರಮ ಹೀಗೆ:

1. ಮೇಲಿನಿಂದ ಇನ್ನೊಂದು ಸಲ ಹಿಮ ಬರುವ ಹಾಗಿದೆಯಾ ಎಂದು ಒಮ್ಮೆ ನೋಡಿ.
2. ಅವರು ಕೊನೆಗೆ ಕಂಡ ಜಾಗಕ್ಕೆ ಗುರುತು ಇಡಿ. ಅಲ್ಲಿಂದ ಕೆಳಗೆ ಹುಡುಕಬೇಕು.
3. ಎಲ್ಲರ ಬೀಕನನ್ನೂ ಹುಡುಕುವ ಸ್ಥಿತಿಗೆ ತಿರುಗಿಸಿ. ಒಬ್ಬರದ್ದು ಕಳಿಸುವ ಸ್ಥಿತಿಯಲ್ಲೇ ಉಳಿದರೆ ಅವರನ್ನೇ ಹುಡುಕುತ್ತ ಇರುತ್ತೀರಿ. ಇದು ನಗುವ ವಿಷಯವಲ್ಲ, ಗಾಬರಿಯಲ್ಲಿ ಆಗುವಂಥದ್ದೇ.
4. ಕಣ್ಣೂ ಕೆಲಸ ಮಾಡಲಿ. ಗ್ಲೌಸ್, ಟೋಪಿ, ಕೋಲಿನ ತುದಿ ಹೊರಗೆ ಕಾಣಬಹುದು.
5. ಬೀಕನಿನಲ್ಲಿ ಅಂಕೆ ಕಡಿಮೆಯಾದಷ್ಟೂ ಹತ್ತಿರ. ಕೊನೆಯ ಕೆಲವು ಮೀಟರ್ ಅದನ್ನು ಹಿಮದ ಮೇಲ್ಮೈಗೆ ತಾಗಿಸಿ ನಿಧಾನ ಸರಿಸಿ.
6. ಅತಿ ಕಡಿಮೆ ಅಂಕೆ ಬಂದಲ್ಲಿಂದ ಸುತ್ತು ಸುತ್ತಾಗಿ, 25 ಸೆಂಟಿಮೀಟರಿಗೊಂದರಂತೆ ಪ್ರೋಬ್ ಚುಚ್ಚಿ. ಮೆತ್ತಗೆ ತಾಗಿದರೆ ಕೋಲು ತೆಗೆಯಬೇಡಿ, ಅಲ್ಲೇ ಬಿಡಿ.
7. ಕೋಲಿನ ನೇರಕ್ಕೆ ತೋಡಬೇಡಿ. ಇಳಿಜಾರಿನ ಕೆಳಬದಿಗೆ ಸ್ವಲ್ಪ ಇಳಿದು, ಅಲ್ಲಿಂದ ಅಡ್ಡಲಾಗಿ ಒಳಗೆ ತೋಡಿ.

ತೋಡುವುದೇ ಹೆಚ್ಚು ಹೊತ್ತು ಹಿಡಿಯುವ ಕೆಲಸ. ಒಬ್ಬರ ಹಿಂದೆ ಒಬ್ಬರು ನಿಂತು, ಮುಂದಿನವರು ಕಡಿದದ್ದನ್ನು ಹಿಂದಿನವರು ಹಿಂದಕ್ಕೆ ತಳ್ಳಬೇಕು. ನಿಮಿಷಕ್ಕೊಮ್ಮೆ ಮುಂದಿನವರು ಬದಲಾಗಲಿ. ಮೊದಲು ತಲೆ, ಎದೆ. ಬಾಯಿ ಮೂಗಿನ ಹಿಮ ತೆಗೆಯಿರಿ. ಉಸಿರಿಲ್ಲದಿದ್ದರೆ ಐದು ಸಲ ಬಾಯಿಗೆ ಬಾಯಿಟ್ಟು ಊದಿ, ಆಮೇಲೆ ಎದೆ ಒತ್ತಲು ಶುರುಮಾಡಿ. ಮೈ ತಣ್ಣಗಿದೆ ಎಂದು ಆಸೆ ಬಿಡಬೇಡಿ. ತುಂಬ ತಣ್ಣಗಾದವರನ್ನು ಮಟ್ಟಸವಾಗಿ ಮಲಗಿಸಿ, ಮೆಲ್ಲಗೆ ಸರಿಸಿ, ಸುತ್ತಿ ಬೆಚ್ಚಗಿಡಿ, ಕೈಕಾಲು ತಿಕ್ಕಬೇಡಿ.

ಬೇಕಲದ ಹೊಯ್ಗೆಯಲ್ಲಿ ಪರೀಕ್ಷೆ

ಇದೆಲ್ಲ ಓದಿದರೆ ಬರುವುದಿಲ್ಲ. ಸರಿಯಾಗಿ ಕಲಿಯಬೇಕು ಅನ್ನುವವರಿಗೆ ಉತ್ತರಕಾಶಿ, ಮನಾಲಿ, ಡಾರ್ಜಿಲಿಂಗ್‌ನ ಪರ್ವತಾರೋಹಣ ಸಂಸ್ಥೆಗಳಲ್ಲಿ ಸುಮಾರು ನಾಲ್ಕು ವಾರದ ಮೂಲ ಕೋರ್ಸ್ ಇದೆ. ಅಷ್ಟು ಸಮಯ ಇಲ್ಲದವರು ಹೊರಡುವ ಮುಂಚೆ ಒಂದು ಆದಿತ್ಯವಾರ ಸಮುದ್ರದ ಕರೆಗೆ ಹೋಗಿ.

ನಾವು ಐದು ಮಂದಿ ಬೇಕಲಕ್ಕೆ ಹೋದೆವು. ಗೆಳೆಯನೊಬ್ಬ ಬೆಂಗಳೂರಿನಿಂದ ಎರಡು ಬೀಕನ್ ತಂದಿದ್ದ. ಒಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತೆಂಗಿನಕಾಯಿ ತುಂಬಿದ ಗೋಣಿಯೊಳಗೆ ಹಾಕಿ, ಒಂದು ಮೀಟರ್ ಆಳಕ್ಕೆ ಹೂತು, ಮೇಲೆ ಕಾಲಿನಿಂದ ತುಳಿದು ಗುರುತು ಅಳಿಸಿದೆವು. ಹೂತವನು ಬಿಟ್ಟು ಉಳಿದವರು ಆ ಹೊತ್ತಿಗೆ ಕೋಟೆಯ ಕಡೆ ಮುಖ ಮಾಡಿ ನಿಂತಿದ್ದರು. ಆಮೇಲೆ ವಾಚು ನೋಡಿ ಶುರು. ಬೀಕನಿನಿಂದ ಜಾಗ ಸಿಕ್ಕಿದ್ದು ಮೂರೇ ನಿಮಿಷದಲ್ಲಿ. ಹೊಯ್ಗೆ ತೋಡಿ ಗೋಣಿ ಕಾಣುವಾಗ ಹದಿನಾಲ್ಕು ನಿಮಿಷ ಆಗಿತ್ತು. ಎಲ್ಲರ ಕೈಯಲ್ಲೂ ಬೊಬ್ಬೆ. ಕಡಲೆ ಮಾರುವ ಅಣ್ಣ ಬಂದು ನೋಡಿ, "ಎಂತ ಬಂಗಾರವಾ?" ಎಂದು ಕೇಳಿದರು.

ಎರಡನೇ ಸಲ ಒಬ್ಬರ ಹಿಂದೆ ಒಬ್ಬರು ನಿಂತು ತೋಡಿದೆವು. ಒಂಬತ್ತು ನಿಮಿಷಕ್ಕೆ ಇಳಿಯಿತು.